ಓದುಗರ ಸ್ಪಂದನ: ದೀಕ್ಷೆಗೆ ಗುಟ್ಟು ಏಕೆ?

ಸಮಸ್ಯೆ: ಮಂಗಳೂರಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನನಗೆ 38 ವರ್ಷ. ತಂದೆ ತೀರಿಕೊಂಡ ಮೇಲೆ ಮನಸ್ಸು ಯಾವುದರಲ್ಲೂ ನಿಲ್ಲುತ್ತಿಲ್ಲ. ಗುರುವೊಬ್ಬರಿಂದ ಮಂತ್ರದೀಕ್ಷೆ ಪಡೆಯುವ ಹಂಬಲ ಹತ್ತಿದೆ. ಸತ್ಸಂಗವೊಂದರಲ್ಲಿ ಪರಿಚಯವಾದವರು, ಬರುವ ಆಷಾಢ ಹುಣ್ಣಿಮೆಗೆ ದೀಕ್ಷೆ ಕೊಡುತ್ತೇನೆ, 50,000 ರೂಪಾಯಿ ದಕ್ಷಿಣೆ ಇಡಬೇಕು, ಹೆಂಡತಿಗೂ ಹೇಳಬಾರದು, ಮನೆತನದ ಮಠಕ್ಕೂ ಹೋಗಬಾರದು ಎಂದಿದ್ದಾರೆ. ಗುರುವಿಲ್ಲದೆ ಗತಿಯಿಲ್ಲ ಎನ್ನುತ್ತಾರಲ್ಲ, ಏನು ಮಾಡಲಿ?

ತಮ್ಮಾ, ನಿಮ್ಮ ಹಂಬಲ ಸುಳ್ಳಲ್ಲ. ಅದನ್ನು ಕೇಳಿ ಯಾರಾದರೂ ನಕ್ಕರೆ ಕಿವಿಗೊಡಬೇಡಿ. ನಲವತ್ತರ ಹೊತ್ತಿಗೆ ನನಗೂ ಇದೇ ಹಸಿವು ಹುಟ್ಟಿತ್ತು. ಬಾಡಿಗೆ ಮನೆಯೊಂದರಲ್ಲಿ ಪ್ರವಚನ ಮಾಡುತ್ತಿದ್ದವರ ಬಳಿ ಏಳು ತಿಂಗಳು ಹೋದೆ. ಒಂದು ಸಂಜೆ ಶ್ಲೋಕವೊಂದರ ಅರ್ಥದಲ್ಲಿ ಸಂಶಯ ಬಂದು ಕೇಳಿದೆ. ಅವರ ಮುಖ ಬಿಗಿಯಿತು. 'ಶರಣಾದವರು ಪ್ರಶ್ನೆ ಕೇಳುವುದಿಲ್ಲ' ಎಂದರು. ಸುತ್ತ ಕುಳಿತವರೆಲ್ಲ ನನ್ನನ್ನು ಕಳ್ಳಿಯಂತೆ ನೋಡಿದರು. ಮರುದಿನದಿಂದ ನಾನು ಆ ಕಡೆ ತಲೆ ಹಾಕಲಿಲ್ಲ.

ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಕೃಷ್ಣ ಹೇಳುವ ದಾರಿ ಪ್ರಣಿಪಾತ, ಪರಿಪ್ರಶ್ನ, ಸೇವೆ. ನಮಸ್ಕಾರಕ್ಕೂ ಸೇವೆಗೂ ನಡುವೆ ಪ್ರಶ್ನೆಗೆ ಜಾಗ ಕೊಟ್ಟಿದ್ದಾನೆ. ಅದನ್ನು ಕಿತ್ತುಹಾಕಿ ಉಳಿದೆರಡನ್ನು ಮಾತ್ರ ಕೇಳುವವರನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ನಮ್ಮ ಮಧ್ವಾಚಾರ್ಯರನ್ನೇ ನೋಡಿ. ಅವರಿಗೆ ಸನ್ಯಾಸ ಕೊಟ್ಟವರು ಅಚ್ಯುತಪ್ರೇಕ್ಷರು. ಆ ಗುರುಗಳು ಪಾಠ ಹೇಳುತ್ತಿದ್ದಾಗಲೇ ಶಿಷ್ಯರು ತಪ್ಪು ಎತ್ತಿ ತೋರಿಸಿದರು. ಗುರುಗಳು ಅವರನ್ನು ಹೊರಗಟ್ಟಲಿಲ್ಲ. ವಾದಕ್ಕೆ ಕುಳಿತರು, ಕೊನೆಗೆ ಶಿಷ್ಯರ ಸಿದ್ಧಾಂತವನ್ನೇ ಒಪ್ಪಿದರು. ಅವರ ಉಡುಪಿಯ ಮಗ್ಗುಲಲ್ಲಿದ್ದುಕೊಂಡು ನೀವು ಬಾಯಿ ಮುಚ್ಚಿಕೊಳ್ಳಬೇಕೇ?

ಆಮೇಲೆ ನನಗೆ ವಿಷ್ಣುಸಹಸ್ರನಾಮ ಹೇಳಿಕೊಟ್ಟವರು ರಥಬೀದಿಯ ಹತ್ತಿರ ವಾಸವಿದ್ದ ವೃದ್ಧ ವಿದ್ವಾಂಸರು. ಪುಸ್ತಕದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಸರಿಸುತ್ತಿದ್ದರು. ನನ್ನ ನಾಲಿಗೆಯಲ್ಲಿ 'ಷ' ಸರಿಯಾಗಿ ಹೊರಳುತ್ತಿರಲಿಲ್ಲ. ಒಂದೇ ಸಾಲನ್ನು ನಾಲ್ಕು ದಿನ ಹೇಳಿಸಿದರು, ಒಮ್ಮೆಯೂ ಬೇಸರಿಸಲಿಲ್ಲ. ಕಾಲು ಮುಟ್ಟಲು ಬಗ್ಗಿದರೆ ಪಾದಗಳನ್ನು ಬೆಂಚಿನ ಕೆಳಗೆ ಎಳೆದುಕೊಳ್ಳುತ್ತಿದ್ದರು. ದಕ್ಷಿಣೆ ಎಂದರೆ ಶುಕ್ರವಾರ ದೇವರಿಗೊಂದು ಚೆಂಡು ಶಂಕರಪುರ ಮಲ್ಲಿಗೆ, ಅಷ್ಟೇ. ಅವರು ನನ್ನನ್ನು ಶಿಷ್ಯೆ ಎಂದು ಕರೆಯಲೇ ಇಲ್ಲ. ಅವರು ಹೋದ ದಿನ ನನಗೆ ಗೊತ್ತಾಯಿತು, ನಾನು ಶಿಷ್ಯೆಯಾಗಿದ್ದೆ ಎಂದು.

ಮುಂಡಕೋಪನಿಷತ್ತು ಗುರುವಿಗೆ ಎರಡು ಲಕ್ಷಣ ಹೇಳುತ್ತದೆ: ಶ್ರೋತ್ರಿಯನಾಗಿರಬೇಕು, ಬ್ರಹ್ಮನಿಷ್ಠನಾಗಿರಬೇಕು. ಶಾಸ್ತ್ರ ಬಲ್ಲವನೂ ಹೌದು, ಅದರಲ್ಲೇ ನೆಲೆನಿಂತವನೂ ಹೌದು. ಶಿಷ್ಯ ಕೈಯಲ್ಲಿ ಹಿಡಿದು ಹೋಗಬೇಕಾದದ್ದು ಸಮಿತ್ತು, ಅಂದರೆ ಹೋಮದ ಕಟ್ಟಿಗೆ. ಹಣದ ಮಾತು ಅಲ್ಲಿಲ್ಲ.
– ನಿವೃತ್ತ ಶಿಕ್ಷಕಿ, ಕಲ್ಯಾಣಪುರ

ತಂದೆಯನ್ನು ಕಳೆದುಕೊಂಡ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನ್ನ ಮನಸ್ಸು ಅಲ್ಲೇ ನಿಂತಿತು. ಕಾಞಂಗಾಡಿನ ಆನಂದಾಶ್ರಮದ ಸ್ವಾಮಿ ರಾಮದಾಸರು ನಿಮ್ಮಂತೆಯೇ ಸಂಸಾರಿಯಾಗಿ ಮಂಗಳೂರಿನಲ್ಲಿದ್ದವರು, ವ್ಯಾಪಾರದಲ್ಲಿ ಸೋತು ನೊಂದವರು. ಅವರಿಗೆ ರಾಮಮಂತ್ರ ಕೊಟ್ಟವರು ಯಾವ ಪೀಠಾಧಿಪತಿಯೂ ಅಲ್ಲ, ಹೆತ್ತ ತಂದೆ. 1922ರಲ್ಲಿ ಮನೆ ಬಿಟ್ಟು ಹೊರಟಾಗ ಬಾಯಲ್ಲಿದ್ದದ್ದು ಅದೇ ಮಂತ್ರ. ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳ ದರ್ಶನ ಪಡೆದರು. ಸಂಚಾರ ಮುಗಿಸಿ ಬಂದ ಮೇಲೆ ಇದೇ ಕದ್ರಿ ಗುಡ್ಡದ ಗುಹೆಯಲ್ಲಿ ಕುಳಿತು ಜಪಿಸಿದರು. ನಿಮ್ಮ ತಂದೆ ನಿಮಗೆ ಏನೂ ಹೇಳಿಕೊಟ್ಟಿರಲಿಲ್ಲವೇ? ಸಂಜೆ ದೀಪ ಹಚ್ಚುವಾಗಿನ ಒಂದು ಶ್ಲೋಕವನ್ನಾದರೂ? ನೆನಪು ಮಾಡಿಕೊಳ್ಳಿ. ಅದನ್ನೇ ದಿನಕ್ಕೆ ಹತ್ತು ನಿಮಿಷ ಹೇಳುತ್ತ ಒಂದು ವರ್ಷ ಕಳೆಯಿರಿ. ಗುರು ಬರಬೇಕಿದ್ದರೆ ಅಷ್ಟರೊಳಗೆ ಓಡಿಹೋಗುವುದಿಲ್ಲ. ಗುಹೆ ನೋಡುವ ಮನಸ್ಸಾದರೆ ಬೆಳಿಗ್ಗೆ ಬೇಗ ಬನ್ನಿ, ಜನ ಇರುವುದಿಲ್ಲ.
– ಓದುಗ, ಕದ್ರಿ

ಮನೆತನದ ಮಠ ಎಂಬ ಆಸರೆ ಎಲ್ಲರಿಗೂ ಇರಲಿಲ್ಲ. ನಮ್ಮಂಥವರಿಗೆ ದೇವಸ್ಥಾನದ ಬಾಗಿಲೇ ಮುಚ್ಚಿದ್ದ ಕಾಲದಲ್ಲಿ ನಮ್ಮ ಹಿರಿಯರು ಕೇರಳದ ನಾರಾಯಣ ಗುರುಗಳನ್ನು ಕರೆತಂದರು. ಅವರು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ನನ್ನ ಅಜ್ಜ ಗುರುಗಳನ್ನು ಕಣ್ಣಾರೆ ಕಂಡವರಲ್ಲ. ಆದರೂ ಗೋಡೆಯ ಪಟದ ಮುಂದೆ ನಿಂತು, ಗುರು ಒಪ್ಪುತ್ತಾರೋ ಇಲ್ಲವೋ ಎಂದು ಕೇಳಿಕೊಳ್ಳದೆ ಜಾಗ ಮಾರುವ ಪತ್ರಕ್ಕೂ ಸಹಿ ಹಾಕುತ್ತಿರಲಿಲ್ಲ. ಶಿಷ್ಯತ್ವ ಎಂದರೆ ನನಗೆ ಇಂದಿಗೂ ಅದೇ ಚಿತ್ರ. ನಿಮಗೆ ಮಠವಿದೆ, ಹೋಗಿ ಬನ್ನಿ. ಬೇರೆ ಕಡೆ ಹೋಗಬಾರದು ಎಂದು ಕಟ್ಟಿಹಾಕುವವರಿಗೆ ಯಾವುದೋ ಭಯವಿದೆ.
– ಓದುಗ, ಕುದ್ರೋಳಿ

ಉಡುಪಿಯ ಶ್ರೀಕೃಷ್ಣ ಮಠದಲ್ಲಿ ಆಷಾಢ ಶುದ್ಧ ಏಕಾದಶಿಯಂದು ತಪ್ತ ಮುದ್ರಾಧಾರಣೆ ನಡೆಯುತ್ತದೆ. ನಿಮ್ಮ ಹುಣ್ಣಿಮೆಗೆ ನಾಲ್ಕೇ ದಿನ ಮೊದಲು. ಹೋಮದ ಬೆಂಕಿಯಲ್ಲಿ ಕಾಯಿಸಿದ ಶಂಖ ಚಕ್ರಗಳನ್ನು ಸ್ವಾಮಿಗಳು ತೋಳಿಗೆ ಒತ್ತುವಾಗ ಚುರ್ ಎನ್ನುತ್ತದೆ, ಮಕ್ಕಳು ಅಳುತ್ತಾರೆ. ಸಾಲಿನಲ್ಲಿ ಅಜ್ಜಿ, ಸೊಸೆ, ಮೊಮ್ಮಗು ಎಲ್ಲರೂ ಇರುತ್ತಾರೆ. ಎಲ್ಲರ ಎದುರೇ ನಡೆಯುವ ಕೆಲಸ ಅದು. ಮಂತ್ರವನ್ನು ಗುಟ್ಟಾಗಿ ಇಟ್ಟುಕೊಳ್ಳುವ ಸಂಪ್ರದಾಯ ಇದೆ, ನಿಜ. ಮಂತ್ರ ಪಡೆಯುತ್ತಿರುವುದನ್ನೇ ಮನೆಯಲ್ಲಿ ಮುಚ್ಚಿಡು ಎಂದವರನ್ನು ನಾನು ಕಂಡಿಲ್ಲ.
– ಓದುಗರು, ಮಣಿಪಾಲ

ನಾನು ಹೆಂಡತಿಯಾಗಿ ಬರೆಯುತ್ತಿದ್ದೇನೆ. ನನ್ನ ಗಂಡ ಹೀಗೆಯೇ ಹೇಳದೆ ದೀಕ್ಷೆ ಪಡೆದರು. ಮಗಳ ಶಾಲೆಯ ಶುಲ್ಕ ಕಟ್ಟಲು ಹೋದಾಗ ಬ್ಯಾಂಕಿನ ಪಾಸ್‌ಬುಕ್ ನೋಡಿ ನನಗೆ ಗೊತ್ತಾಯಿತು. ಹಣ ಹೋದದ್ದಕ್ಕೆ ನಾನು ಅತ್ತಿರಲಿಲ್ಲ. ಒಂದೂವರೆ ವರ್ಷ ದಿನವೂ ಒಟ್ಟಿಗೆ ಗಂಜಿ ಉಂಡವರು ಒಂದು ಮಾತು ಹೇಳಲಿಲ್ಲವಲ್ಲ ಎಂದು ಅತ್ತೆ. ಹೇಳಿದ್ದರೆ ನಾನೂ ಜೊತೆಗೆ ಹೋಗಿ ಕುಳಿತುಕೊಳ್ಳುತ್ತಿದ್ದೆ. ಹುಣ್ಣಿಮೆಯ ಮಾತು ಹಾಗಿರಲಿ. ಇವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ನಿಮ್ಮ ಹೆಂಡತಿಗೆ ಹೇಳಿ.
– ಓದುಗಿ, ಸುರತ್ಕಲ್