ಮಗಳ ಭರತನಾಟ್ಯ ನಿಲ್ಲಿಸಬೇಕಾ? ನಮ್ಮ ಕಡೆಯವರು ಹೇಳಿ

ಬಾಗಲಕೋಟೆ, ಈಗ ರೆಡಿಂಗ್:
ಎಲ್ಲರಿಗೂ ನಮಸ್ಕಾರ ರೀ. ಮಗಳಿಗೆ 15 ವರ್ಷ. ಏಳನೇ ವಯಸ್ಸಿನಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಏಪ್ರಿಲ್‌ನಲ್ಲಿ ರಂಗಪ್ರವೇಶ, ಅಂದರೆ ಒಬ್ಬಳೇ ವೇದಿಕೆ ಏರುವ ಮೊದಲ ಪೂರ್ಣ ಕಾರ್ಯಕ್ರಮ, ಮಾಡಿಬಿಡೋಣ ಅಂತಾರೆ ಗುರುಗಳು. ಮೇ ತಿಂಗಳಲ್ಲಿ ಜಿಸಿಎಸ್‌ಇ, ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಎಸ್‌ಎಸ್‌ಎಲ್‌ಸಿ ಥರದ ಪರೀಕ್ಷೆ. ವಾರಕ್ಕೆ ನಾಲ್ಕು ದಿನ ಪ್ರಾಕ್ಟೀಸ್, ಕಾರ್ಯಕ್ರಮದ ಅತಿ ಉದ್ದದ ನೃತ್ಯವಾದ ವರ್ಣ ಒಂದಕ್ಕೇ ಮುಕ್ಕಾಲು ಗಂಟೆ. ಮನೆಗೆ ಬಂದು ಪುಸ್ತಕದ ಮೇಲೇ ಮಲಗಿಬಿಡುತ್ತಾಳೆ. ಡಾಕ್ಟರ್ ಆಗಬೇಕು ಅಂತಾಳೆ, ಸುಮ್ನೆ ಡಾನ್ಸ್ ಬಿಡಿಸು ಅಂತಾರೆ ನಮ್ಮನೆಯವರು. ನಾನು ಊರಲ್ಲಿ ಬೋರ್ಡಿನ ಸೀನಿಯರ್ ನೃತ್ಯ ಪರೀಕ್ಷೆ ಪಾಸಾಗಿದ್ದೆ. ಅದರ ಮೇಲಿನ ವಿದ್ವತ್ ಪರೀಕ್ಷೆಗೆ ಕಟ್ಟಬೇಕು ಅನ್ನುವಾಗ ಇಂಜಿನಿಯರಿಂಗ್ ಸೀಟು ಸಿಕ್ಕಿತು, ಗೆಜ್ಜೆ ಟ್ರಂಕಿಗೆ ಹೋಯಿತು. ಮತ್ತೆ ಕಟ್ಟಲೇ ಇಲ್ಲ. ಅವಳಿಗೂ ಹಾಗೇ ಆದರೆ ಅಂತ ಭಯ.

ವಿಜಯಪುರ, ಈಗ ಡಲ್ಲಾಸ್:
ಬಿಡಿಸಬೇಡಿ! ನಮ್ಮ ಮಗಳ ರಂಗಪ್ರವೇಶ ಹೋದ ವರ್ಷ ಆಯಿತು. ನಟುವಾಂಗ (ತಾಳ ಹಾಕಿ ನೃತ್ಯ ನಡೆಸುವವರು), ಮೃದಂಗ, ಕೊಳಲು ಎಲ್ಲ ಬೆಂಗಳೂರಿಂದ ಕರೆಸಿದ್ದೆವು. ಅವಳ ಅಜ್ಜಿ ಮುಂದಿನ ಸಾಲಿನಲ್ಲಿ ಕೂತು ಅತ್ತರು. ಆ ದಿನ ಮರೆಯೋಕಾಗಲ್ಲ.

ಬೆಳಗಾವಿ, ಈಗ ಬರ್ಮಿಂಗ್‌ಹ್ಯಾಮ್:
ಅಕ್ಕಾ, ನಾನು ಫಿಸಿಯೋಥೆರಪಿಸ್ಟ್. ಏಪ್ರಿಲ್ ಬೇಡ. ಪರೀಕ್ಷೆ ಜೂನ್‌ನಲ್ಲಿ ಮುಗಿಯುತ್ತದೆ, ಆಮೇಲೆ ಸೆಪ್ಟೆಂಬರ್ ತನಕ ರಜೆ. ಆಗಸ್ಟ್ ಕೊನೆಗೆ ಇಡಿ. ಅಲ್ಲಿವರೆಗೆ ವಾರಕ್ಕೆ ಎರಡೇ ಕ್ಲಾಸ್. ಜತಿಗಳನ್ನು, ಅಂದರೆ ಹೆಜ್ಜೆಗಳ ಬಾಯಿಪಾಠವನ್ನು, ಕೂತಲ್ಲೇ ಕೈತಾಳ ಹಾಕಿ ಬಾಯಲ್ಲಿ ಹೇಳಲಿ, ಮರೆಯಲ್ಲ. ಇನ್ನೊಂದು, ಕಾಂಕ್ರೀಟ್ ಮೇಲೆ ಕಾರ್ಪೆಟ್ ಹಾಕಿದ ಹಾಲ್‌ನಲ್ಲಿ ತಟ್ಟಡವು (ಪಾದ ನೆಲಕ್ಕೆ ಬಡಿಯುವ ಮೊದಲ ಹೆಜ್ಜೆ) ಮಾಡಿಸಬೇಡಿ. ಮರದ ನೆಲ ಇರಲಿ. ಅರೆಮಂಡಿಯಲ್ಲಿ, ಅಂದರೆ ಅರ್ಧ ಕೂತ ಭಂಗಿಯಲ್ಲಿ, ಮೊಣಕಾಲು ಪಾದದ ದಿಕ್ಕಿಗೇ ಇರಬೇಕು. ಸುಸ್ತಾದಾಗ ಒಳಗೆ ವಾಲುತ್ತದೆ, ನೋವು ಶುರುವಾಗುವುದೇ ಅಲ್ಲಿಂದ.

ಬಾದಾಮಿ ಕಡೆಯವರು, ಸಿಡ್ನಿ:
ತಂಗಿ, ತಾರೀಖು ಇರಲಿ. ಮಗಳಿಗೆ ಕನ್ನಡ ಬರುತ್ತದಾ? ದೇವರನಾಮದ ಒಂದು ಸಾಲು ಅರ್ಥವಾಗದೆ ಅಭಿನಯ ಎಲ್ಲಿಂದ ಬರಬೇಕು? ಮೊದಲು ಊರಿಗೆ ಕರೆದುಕೊಂಡು ಹೋಗಿ, ಬಾದಾಮಿಯ ಒಂದನೇ ಗುಹೆಯಲ್ಲಿರುವ 18 ಕೈಗಳ ನಟರಾಜನ ಮುಂದೆ ನಿಲ್ಲಿಸಿ. ನಮ್ಮ ಕಡೆಯ ಬಯಲಾಟ ಕೃಷ್ಣ ಪಾರಿಜಾತ ತೋರಿಸಿ. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ಬಣ್ಣ ಹಚ್ಚಿ, ಬೆಳಗಾಗುವ ತನಕ ಸತ್ಯಭಾಮೆಯಾಗುತ್ತಿದ್ದರು. ಅವರಿಗೆ ಕಸುಬೂ ಇತ್ತು, ಕುಣಿತವೂ ಇತ್ತು. ಆ ಆಟದ ಕಲಾವಿದೆ ಕೌಜಲಗಿ ನಿಂಗಮ್ಮನ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಭಾಷೆ ಕಲಿಸದೆ ರಂಗಪ್ರವೇಶಕ್ಕೆ ಖರ್ಚು ಮಾಡುವುದು ತಪ್ಪು, ತಪ್ಪೇ.

ಹುಬ್ಬಳ್ಳಿ, ಟೊರಾಂಟೊ:
ನೂರಕ್ಕೆ ನೂರು ನಿಜ ಸರ್. ನಮ್ಮಲ್ಲಿ ಭಾನುವಾರ ಕನ್ನಡ ಕ್ಲಾಸಿಗೆ ಆರೇ ಮಕ್ಕಳು.

ವಿಜಯಪುರ, ಈಗ ಡಲ್ಲಾಸ್:
ನಮ್ಮ ಮಗಳು ಕನ್ನಡ ಓದುತ್ತಾಳೆ, ಬರೆಯುತ್ತಾಳೆ. ಎಲ್ಲರನ್ನೂ ಒಂದೇ ಥರ ಅನ್ನಬೇಡಿ ಸರ್.

ಬಾದಾಮಿ ಕಡೆಯವರು, ಸಿಡ್ನಿ:
ಒಬ್ಬಳು ಓದಿದರೆ ಸಾಲದು ತಾಯಿ. ಹತ್ತು ಮನೆಯಲ್ಲಿ ಒಂಬತ್ತು ಮನೆಯ ಮಾತು ನಾನು ಹೇಳಿದ್ದು.

ಬೆಳಗಾವಿ, ಈಗ ಡಬ್ಲಿನ್:
ನಾನು ಡಾಕ್ಟರ್. ಎಂಬಿಬಿಎಸ್ ಶುರುವಾದಾಗ ನಾನೂ ಬಿಟ್ಟೆ. 46ಕ್ಕೆ ಮತ್ತೆ ತಟ್ಟಡವಿನಿಂದ ಶುರು ಮಾಡಿದ್ದೇನೆ, ಎಂಟು ವರ್ಷದ ಮಕ್ಕಳ ಸಾಲಿನಲ್ಲಿ ನಿಂತು. ನೈಟ್ ಡ್ಯೂಟಿ ಮುಗಿಸಿ ನೇರ ಕ್ಲಾಸಿಗೆ ಹೋಗುತ್ತೇನೆ. ಕೈ ನೆನಪಿಟ್ಟಿದೆ, ಕಾಲು ಕೇಳಲ್ಲ. ಭರತನಾಟ್ಯ ಕಲಾವಿದೆ ಆನಂದಾ ಶಂಕರ್ ಜಯಂತ್ ರೈಲ್ವೆ ಅಧಿಕಾರಿಯಾಗಿದ್ದುಕೊಂಡೇ ಕುಣಿದವರು, 2007ರಲ್ಲಿ ಪದ್ಮಶ್ರೀ ಬಂತು. ಕ್ಯಾನ್ಸರ್ ಚಿಕಿತ್ಸೆಯಲ್ಲೂ ನಿಲ್ಲಿಸಲಿಲ್ಲ. ರಂಗಪ್ರವೇಶ ಯಾವಾಗಾದರೂ ಆಗಲಿ, ವಾರಕ್ಕೆ ಒಂದು ಕ್ಲಾಸ್ ಮಾತ್ರ ತಪ್ಪಿಸಬೇಡಿ. 28 ವರ್ಷ ಬಿಟ್ಟವಳ ಮಾತು ಇದು.

ಬೆಳಗಾವಿ, ಈಗ ಬರ್ಮಿಂಗ್‌ಹ್ಯಾಮ್:
ಅಕ್ಕಾ, ಆಗಸ್ಟ್ ಅಂತ ಮೇಲೆ ಬರೆದಿದ್ದೆ, ನೋಡಿದಿರಾ?

ಬಾಗಲಕೋಟೆ, ಈಗ ರೆಡಿಂಗ್:
ಇಷ್ಟು ಮೆಸೇಜ್ ನಡುವೆ ಕಾಣಲಿಲ್ಲ ರೀ, ಈಗ ಓದಿದೆ. ನಾಳೆಯೇ ಗುರುಗಳಿಗೆ ಕೇಳುತ್ತೇನೆ. ಆಗಸ್ಟ್ ಕೊನೆಗೆ ಮೃದಂಗದವರು ಸಿಗುತ್ತಾರಾ? ಮರದ ನೆಲದ ಹಾಲ್ ಈ ಕಡೆ ಯಾರಿಗಾದರೂ ಗೊತ್ತಾ?