ಅಪ್‌ಡೇಟ್: ಬಿಯರ್, ವೈನ್, ವಿಸ್ಕಿ ಒಂದೇ ಸಂಜೆ

ಮೂರನ್ನೂ ಒಂದೇ ಕೂಟದಲ್ಲಿ ರುಚಿ ನೋಡೋದಾದರೆ ಯಾವುದು ಮೊದಲು ಅಂತ ಇಲ್ಲಿ ನಿಮ್ಮನ್ನು ಕೇಳಿದ್ದೆ. ಶನಿವಾರ ಮಾಡಿಯೇಬಿಟ್ಟೆ. ನೀವು ಹೇಳಿದ ಹಾಗೆ ಕಡಿಮೆ ಆಲ್ಕೋಹಾಲ್‌ನಿಂದ ಜಾಸ್ತಿಗೆ ಹೋದೆವು: 6% ಬಿಯರ್, 12% ಬಿಳಿ ವೈನ್, ಕೊನೆಗೆ 43% ವಿಸ್ಕಿ.

ಎಡವಿದ್ದು ಶುರುವಿನಲ್ಲೇ. ಬಿಯರ್ ತಾನೇ ಅಂತ ಐಪಿಎ (ಇಂಡಿಯಾ ಪೇಲ್ ಏಲ್) ಅನ್ನೋ ಕಹಿ ಬಗೆಯ ಬಿಯರ್ ಇಟ್ಟಿದ್ದೆ. ಆ ಕಹಿ ನಾಲಿಗೆಗೆ ಅಂಟಿಕೊಂಡು ವೈನ್ ಬರೀ ಹುಳಿನೀರಿನ ಹಾಗಾಯ್ತು. ಒಬ್ಬರಂತೂ ಬಾಟಲಿ ಕೆಟ್ಟಿದೆಯಾ ಅಂತ ಮೂಸಿ ನೋಡಿದರು! ನೀರು ಕುಡಿದು, ಹತ್ತು ನಿಮಿಷ ಬಿಟ್ಟು ಸವಿದಾಗ ಅದರಲ್ಲೇ ನಿಂಬೆ, ಹಸಿರು ಸೇಬಿನ ವಾಸನೆ ಸಿಕ್ಕಿತು.

ವಿಸ್ಕಿಗೆ ನಾಲ್ಕು ಹನಿ ನೀರು ಹಾಕಿದ್ದೇ ತಡ, ಪರಿಮಳ ಅರಳಿತು. ತಲಾ 15 ಮಿಲಿ ಸಾಕಾಯ್ತು. ರುಚಿ ನೋಡಿ ನುಂಗದೆ ಉಗುಳಲು ಇಟ್ಟ ಲೋಟವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದಕ್ಕೇ ಎಲ್ಲರೂ ಕ್ಯಾಬ್‌ನಲ್ಲೇ ಮನೆಗೆ ಹೋದರು.