ಗ್ರಾಫೀನ್ ಸೆನ್ಸಾರ್ ಬರೋವರೆಗೂ ಹೊಸ ಕ್ಯಾಮೆರಾ ತಗೊಳ್ದೆ ಕಾಯ್ಲಾ?

ಜಾತ್ರೆಕ್ಲಿಕ್: ನಾನು ತೇರು, ಬಯಲಾಟ ಅಂತ ರಾತ್ರಿ ಹೊತ್ತೇ ಜಾಸ್ತಿ ಫೋಟೋ ತೆಗೆಯೋನು, ಐಎಸ್ಒ (ಕ್ಯಾಮೆರಾದ ಬೆಳಕು ಹೆಚ್ಚಿಸೋ ಸೆಟ್ಟಿಂಗ್) 6400 ದಾಟಿದ್ರೆ ಸಾಕು ರಾಗಿ ಚೆಲ್ಲಿದಂಗೆ ಬರೀ ಕಾಳು. ಮೊನ್ನೆ ಒಂದು ವಿಡಿಯೋದಲ್ಲಿ ಗ್ರಾಫೀನ್ ಅನ್ನೋ ಇಂಗಾಲದ ತೆಳು ಹಾಳೆಯ ಸೆನ್ಸಾರ್ ಈಗಿನದಕ್ಕಿಂತ 1000 ಪಟ್ಟು ಸೆನ್ಸಿಟಿವ್ ಅಂದ್ಬಿಟ್ರು. ಹೊಸ ಕ್ಯಾಮೆರಾ ಬಾಡಿ (ಲೆನ್ಸ್ ಬಿಟ್ಟು) ಕೊಳ್ಳೋಕೆ ದುಡ್ಡು ಕೂಡಿಟ್ಟಿದೀನಿ, ತಗೊಳ್ಲೋ ಕಾಯ್ಲೋ?

ಕತ್ತಲೆಕೋಣೆ: ತಗೊಳ್ಳಿ ಗುರು. ಆ 1000 ಪಟ್ಟು ಸುದ್ದಿ 2013ರದ್ದು, ಸಿಂಗಾಪುರದ ನಾನ್ಯಾಂಗ್ ಯೂನಿವರ್ಸಿಟಿದು. ಈಗಿನ ಒಳ್ಳೆ ಸಿಲಿಕಾನ್ ಸೆನ್ಸಾರ್ ಪಿಕ್ಸೆಲ್‌ಗೆ ಮುಟ್ಟಿದ ಹಸಿರು ಬೆಳಕಲ್ಲಿ ಅರ್ಧಕ್ಕಿಂತ ಜಾಸ್ತಿನೇ ಹಿಡಿಯುತ್ತೆ, ಅಂದ್ರೆ ನೂರಕ್ಕೆ ನೂರು ಹಿಡಿದ್ರೂ ಒಂದು ಸ್ಟಾಪ್ (ಅಂದ್ರೆ ಬೆಳಕು ಡಬಲ್) ಕೂಡ ಪೂರ್ತಿ ಸಿಗಲ್ಲ, ಇನ್ನು 1000 ಎಲ್ಲಿಂದ ತರ್ತಾರೆ? ಬೆಳಕೇ ಬರ್ದಿದ್ರೆ ಸೆನ್ಸಾರ್ ಏನ್ ಮಾಡುತ್ತೆ ಪಾಪ.

ಲ್ಯಾಬ್‌ಇಲಿ: 1000 ಅನ್ನೋದು ಪೂರ್ತಿ ಬುರುಡೆ ಅಲ್ಲ, ಅದು ಗೇನ್ ಲೆಕ್ಕ, ಅಂದ್ರೆ ಬೆಳಕಿನ ಒಂದು ಕಣಕ್ಕೆ (ಫೋಟಾನ್) ಎಷ್ಟು ಎಲೆಕ್ಟ್ರಾನ್ ಹರಿಯುತ್ತೆ ಅನ್ನೋದು. ಗ್ರಾಫೀನ್ ಒಂದೇ ಪರಮಾಣುವಿನ ದಪ್ಪ, ತಾನಾಗೇ ಹೀರೋದು ಬರೀ 2.3% ಬೆಳಕು, ಅದಕ್ಕೇ ಅದರ ಮೇಲೆ ಲೆಡ್ ಸಲ್ಫೈಡ್ ಕ್ವಾಂಟಂ ಡಾಟ್ (ಕೆಲವೇ ನ್ಯಾನೋಮೀಟರ್‌ನ ಹರಳು) ಬಳೀತಾರೆ. ಡಾಟ್ ಬೆಳಕು ಹೀರಿ ಒಂದು ಚಾರ್ಜ್‌ನ ಗ್ರಾಫೀನ್‌ಗೆ ದಾಟಿಸುತ್ತೆ, ಜೋಡಿ ಚಾರ್ಜ್ ಡಾಟಲ್ಲೇ ಸಿಕ್ಕಾಕೊಳ್ಳುತ್ತೆ, ಅದು ಬಿಡಿಸ್ಕೊಳ್ಳೋವರೆಗೂ ಕೆಳಗೆ ಕರೆಂಟ್ ಹರೀತಾನೇ ಇರುತ್ತೆ. ಒಂದು ಫೋಟಾನ್‌ಗೆ ಲಕ್ಷಗಟ್ಟಲೆ ಎಲೆಕ್ಟ್ರಾನ್, ಆದ್ರೆ ನಿಧಾನ, ಮೇಲಾಗಿ ಕತ್ತಲಲ್ಲೂ ಕರೆಂಟ್ ಸೋರುತ್ತೆ. ನಮ್ಮ ಬೆಂಗಳೂರಿನ ಐಐಎಸ್‌ಸಿಯವರು 2013ರಲ್ಲಿ ಗ್ರಾಫೀನ್ ಜೊತೆ ಮಾಲಿಬ್ಡಿನಮ್ ಡೈಸಲ್ಫೈಡ್ ಸೇರಿಸಿದಾಗ ದೀಪ ಆರಿಸಿದ್ಮೇಲೂ ಅದು ಬೆಳಕನ್ನ ನೆನಪಿಟ್ಕೊಂಡಿತ್ತು, ಮೆಮೊರಿಗೆ ಅದು ಬಂಪರ್, ಕುಣಿಯೋ ವೇಷಧಾರಿನ ವಿಡಿಯೋ ಮಾಡೋಕೆ ಹೋದ್ರೆ ದೆವ್ವದ ಬಾಲ!

ಅಸಲಿ ಲಾಭ ಇನ್‌ಫ್ರಾರೆಡ್‌ಲ್ಲಿ. ಸಿಲಿಕಾನ್ ಬೆಳಕಿನ ತರಂಗ 1100 ನ್ಯಾನೋಮೀಟರ್ ಉದ್ದ ಆಗೋ ಹತ್ರ ಕುರುಡಾಗುತ್ತೆ, 2017ರಲ್ಲಿ ಬಾರ್ಸಿಲೋನಾ ಹತ್ರದ ಬೆಳಕಿನ ಸಂಶೋಧನಾ ಸಂಸ್ಥೆ ಐಸಿಎಫ್‌ಒದವರು ಮಾಮೂಲಿ ಸಿಮಾಸ್ ಚಿಪ್ (ಈಗಿನ ಕ್ಯಾಮೆರಾಗಳಲ್ಲಿರೋ ಸಿಲಿಕಾನ್ ಜಾತಿದು) ಮೇಲೇ 388×288 ಪಿಕ್ಸೆಲ್ ಮಾಡಿ 300ರಿಂದ 2000 ನ್ಯಾನೋಮೀಟರ್ ವರೆಗೂ ನೋಡಿದ್ರು. ಆ ಕೆಲಸಕ್ಕೆ ಈಗ ಬಳಸೋ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಸೆನ್ಸಾರ್ ಸಿಕ್ಕಾಪಟ್ಟೆ ದುಬಾರಿ.

ಹಳೇರೋಲ್: ಫೋನಿಗೂ ಹಿಂಗೇ ಆಸೆ ತೋರ್ಸಿದ್ರು. ಇನ್‌ವಿಸೇಜ್ ಅಂತ ಕ್ಯಾಲಿಫೋರ್ನಿಯಾ ಕಂಪನಿ 2010ರಲ್ಲೇ ಕ್ವಾಂಟಂಫಿಲ್ಮ್ ಅನ್ನೋ ಕ್ವಾಂಟಂ ಡಾಟ್ ಸೆನ್ಸಾರ್ ಬರುತ್ತೆ ಅಂತ ಹೇಳ್ಕೊಂಡಿತ್ತು, 2017ರಲ್ಲಿ ಆಪಲ್ ಅದನ್ನ ಕೊಂಡ್ಕೊಂಡ್ತು, ಆಮೇಲೆ ಗಪ್‌ಚುಪ್. ನಾನೂ ಆಗ ಕಾದೋನೇ 😂

ಜಾತ್ರೆಕ್ಲಿಕ್: ಟಿವಿ ಕ್ಯೂಎಲ್ಇಡಿಲಿ ಇರೋದೂ ಇದೇ ಡಾಟಾ?

ಲ್ಯಾಬ್‌ಇಲಿ: ಜಾತಿ ಒಂದೇ, ಕೆಲಸ ಉಲ್ಟಾ. ಅಲ್ಲಿ ನೀಲಿ ಬೆಳಕು ನುಂಗಿ ಕೆಂಪು, ಹಸಿರು ಉಗುಳುತ್ತೆ, ಇಲ್ಲಿ ನುಂಗಿ ಕರೆಂಟ್ ಕೊಡುತ್ತೆ.

ಜಾತ್ರೆಕ್ಲಿಕ್: ಸರಿ ಬಿಡಿ, ಬಾಡಿನೂ ಬೇಡ, ಆ ದುಡ್ಡಲ್ಲಿ ಜಾಸ್ತಿ ಬೆಳಕು ಒಳಗೆ ಬಿಡೋ ಒಂದು ಎಫ್ 1.4 ಲೆನ್ಸ್ ತಗೊತೀನಿ.